ಧಾರ್ಮಿಕ ಸಂಸ್ಥೆಗಳ ಆಶ್ರಯದ ಸ್ವಸಹಾಯ ಗುಂಪುಗಳು: ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಅರ್ಜಿದಾರರಿಗೆ ವಿವರಣೆ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಇಲ್ಲಿನ ಬಹುಪಾಲು ಕುಟುಂಬಗಳ ಜೀವನ ಮಳೆಯಾಶ್ರಿತ ಶೇಂಗಾ, ಕುರಿ ಸಾಕಣೆ, ಕಂಬಳಿ ನೇಯ್ಗೆ, ರೇಷ್ಮೆ ಸೀರೆ ನೇಯ್ಗೆ ಹಾಗೂ ಕೂಲಿಯ ಮೇಲೆ ನಿಂತಿದೆ. ಈ ಕುಟುಂಬಗಳ ಮಹಿಳೆಯರು ಸರ್ಕಾರದ ಗುಂಪುಗಳಲ್ಲಿ ಮಾತ್ರವಲ್ಲದೆ, ದೇವಸ್ಥಾನ, ಮಠ, ಚರ್ಚ್ ಮುಂತಾದ ಧಾರ್ಮಿಕ ಸಂಸ್ಥೆಗಳ ಪ್ರೇರಣೆಯಿಂದ ರಚಿತವಾದ ಗುಂಪುಗಳಲ್ಲಿಯೂ ಸದಸ್ಯರಾಗಿರುವುದು ಸಾಮಾನ್ಯ. ಇಂತಹ ಸದಸ್ಯರು ಸರ್ಕಾರಿ ಸೌಲಭ್ಯಕ್ಕೆ ಅರ್ಹರೇ, ಯಾವ ಗುಂಪಿನ ಸಾಲಕ್ಕೆ ಎಷ್ಟು ಬಡ್ಡಿ ಬೀಳುತ್ತದೆ, ಕಂತು ತಪ್ಪಿದಾಗ ಸದಸ್ಯರ ಹಕ್ಕುಗಳೇನು ಎಂಬ ಪ್ರಶ್ನೆಗಳು ಅರ್ಜಿದಾರರಿಂದ ಮೇಲಿಂದ ಮೇಲೆ ಬರುತ್ತಿರುವುದರಿಂದ ಈ ವಿವರಣೆಯನ್ನು ಪ್ರಕಟಿಸಲಾಗಿದೆ.

ಹಿನ್ನೆಲೆ

ಸ್ವಸಹಾಯ ಗುಂಪು ಎಂಬ ಹೆಸರು ಹೊಸದಾದರೂ ಪರಸ್ಪರ ನೆರವಿನ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು, ಮದುವೆಗೆ ಮುಯ್ಯಿ ಮಾಡುವುದು, ಕೈಚೀಟಿ ಹಾಕುವುದು ಎಲ್ಲ ಊರುಗಳಲ್ಲಿಯೂ ರೂಢಿಯಲ್ಲಿದ್ದವು. ಧರ್ಮ ಮತ್ತು ದುಡಿಮೆಯನ್ನು ಒಟ್ಟಿಗೆ ಇಟ್ಟು ನೋಡುವ ಪರಂಪರೆಯೂ ಇಲ್ಲಿಯದೇ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಕೂಲಿ ದೊರೆಯುವಂತೆ ಮಾಡಿದರೆಂಬುದು ಜನರ ನಂಬಿಕೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಹೆಸರಿನ ಮಾತು ಇಂದಿಗೂ ಈ ಸೀಮೆಯ ಜನರ ಬಾಯಲ್ಲಿದೆ. ಗುಂಪಿನ ಲೆಕ್ಕಕ್ಕೂ ಈ ಮಾತು ಒಪ್ಪುತ್ತದೆ ಎನ್ನಬಹುದು.

ಇಂದಿನ ರೂಪದ ಗುಂಪುಗಳಿಗೆ ಕರ್ನಾಟಕದಲ್ಲಿ ಅಡಿಪಾಯ ಬಿದ್ದದ್ದು 1980ರ ದಶಕದಲ್ಲಿ. ಮೈರಾಡ ಸ್ವಯಂಸೇವಾ ಸಂಸ್ಥೆಯು ರಚಿಸಿದ ಸಾಲ ನಿರ್ವಹಣಾ ಗುಂಪುಗಳ ಅನುಭವವನ್ನು ಪರಿಗಣಿಸಿ ನಬಾರ್ಡ್ 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ರಾಜ್ಯ ಸರ್ಕಾರವು 2000-01ನೇ ಸಾಲಿನಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಜಾರಿಗೆ ತಂದು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಗುಂಪುಗಳನ್ನು ರಚಿಸಿತು. 2011ರ ನಂತರ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವು ರಾಜ್ಯದಲ್ಲಿ "ಸಂಜೀವಿನಿ" ಹೆಸರಿನಲ್ಲಿ ಅನುಷ್ಠಾನಗೊಂಡಿತು.

ಧಾರ್ಮಿಕ ಸಂಸ್ಥೆಗಳ ಪೈಕಿ ಅತ್ಯಂತ ವಿಸ್ತಾರವಾದ ಕಾರ್ಯವೆಂದರೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರಿಂದ 1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಈ ಯೋಜನೆಯು ಕ್ರಮೇಣ ಚಿತ್ರದುರ್ಗವೂ ಸೇರಿದಂತೆ ರಾಜ್ಯದ ಇತರ ಜಿಲ್ಲೆಗಳಿಗೆ ವಿಸ್ತರಿಸಿದೆ. ಇದರ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಪರಸ್ಪರರ ಜಮೀನಿನಲ್ಲಿ ದುಡಿಯುತ್ತಾರೆ. ಹಳೆಯ ಮುಯ್ಯಾಳಿನ ಪದ್ಧತಿಗೆ ಪುಸ್ತಕ, ಸಹಿ, ಉಳಿತಾಯ ಸೇರಿದರೆ ಹೇಗಿರುತ್ತದೋ ಹಾಗೆ. ಸಾಲದ ಹಣ ಬ್ಯಾಂಕಿನದು. ಯೋಜನೆಯು ಬ್ಯಾಂಕಿನ ವ್ಯವಹಾರ ಪ್ರತಿನಿಧಿಯಾಗಿ ಕೆಲಸ ಮಾಡುತ್ತದೆ. ಕ್ರೈಸ್ತ ಧರ್ಮಪ್ರಾಂತ್ಯಗಳ ಸಮಾಜ ಸೇವಾ ಸಂಸ್ಥೆಗಳು ಹಾಗೂ ಕೆಲವು ಮಠಗಳು ಸಹ ರಾಜ್ಯದ ವಿವಿಧೆಡೆ ಇಂತಹ ಗುಂಪುಗಳಿಗೆ ಆಶ್ರಯ ನೀಡಿವೆ.

ನಂಬಿಕೆಯಿಂದ ಆಗುವ ಅನುಕೂಲ, ಆಗದಿರುವ ಅನುಕೂಲ

ದೇವರ ಹೆಸರಿನಲ್ಲಿ ಕೂಡಿದ ಗುಂಪಿನಲ್ಲಿ ಕಂತು ತಪ್ಪಿಸಲು ಸದಸ್ಯರು ಹಿಂಜರಿಯುತ್ತಾರೆ. ಮನೆಯ ಗಂಡಸರು ಸಹ ಹೆಣ್ಣುಮಕ್ಕಳು ಸಭೆಗೆ ಹೋಗುವುದಕ್ಕೆ ಅಡ್ಡಿಪಡಿಸುವುದು ಕಡಿಮೆ. ಮದ್ಯವ್ಯಸನದಿಂದ ಸೊರಗಿದ ಕುಟುಂಬಗಳಿಗೆ ಮದ್ಯವರ್ಜನ ಶಿಬಿರಗಳಿಂದ ದೊರೆತ ನೆರವು ಸಾಲದ ಮೊತ್ತಕ್ಕಿಂತ ದೊಡ್ಡದಾಗಿರುವುದೂ ಉಂಟು. ದುಡಿಮೆಯ ಹಣ ಮನೆಗೆ ಬರತೊಡಗಿದರೆ ಅರ್ಧ ಬಡತನ ಅಲ್ಲಿಯೇ ನೀಗುತ್ತದೆ.

ಆದರೆ ಅದೇ ಹಿಂಜರಿಕೆ ಇನ್ನೊಂದು ರೀತಿಯಲ್ಲಿ ಭಾರವಾಗಬಹುದು. ಬೆಳೆ ಕೈಕೊಟ್ಟ ವರ್ಷ, ದೇವರ ಹಣ ಉಳಿಸಿಕೊಳ್ಳಬಾರದೆಂಬ ಭಯದಿಂದ ಸದಸ್ಯೆಯು ಬೇರೆಡೆ ಹೆಚ್ಚಿನ ಬಡ್ಡಿಗೆ ಸಾಲ ತಂದು ಕಂತು ಕಟ್ಟಿದಲ್ಲಿ ಗುಂಪಿನ ಪುಸ್ತಕದಲ್ಲಿ ಮರುಪಾವತಿ ಪೂರ್ಣವೆಂದೇ ಕಾಣುತ್ತದೆ. ಆಕೆಯ ಮನೆಯಲ್ಲಿ ಮಾತ್ರ ಸಾಲ ಎರಡಾಗಿರುತ್ತದೆ. ಬ್ಯಾಂಕಿನಿಂದ ಪಡೆದ ಸಾಲವು ಸಾಲವೇ ಹೊರತು ಹರಕೆಯಲ್ಲ. ಅದರ ಕಂತು ತಡವಾದಲ್ಲಿ ಅದು ಲೆಕ್ಕದ ವಿಷಯವೇ ಹೊರತು ಪಾಪದ ವಿಷಯವಲ್ಲವೆಂಬುದನ್ನು ಸದಸ್ಯರು ಮನಗಾಣುವುದು ಅವಶ್ಯ.

ಸಭೆ ನಡೆಯುವ ಸ್ಥಳವೂ ಮುಖ್ಯ. ಈ ಎರಡೂ ತಾಲ್ಲೂಕುಗಳ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಮಹಿಳೆಯರು ಹಾಗೂ ಬಾಣಂತಿಯರು ಊರ ಹೊರಗೆ ಉಳಿಯುವ ರೂಢಿ ಇನ್ನೂ ಪೂರ್ಣವಾಗಿ ಹೋಗಿಲ್ಲ. ಗುಡಿಯ ಒಳಗೆ ಸಭೆ ಸೇರುವ ಗುಂಪಿನಲ್ಲಿ ಇಂತಹ ಸದಸ್ಯರು ತಿಂಗಳಿಗೊಂದು ಸಭೆಯನ್ನು ತಪ್ಪಿಸಿಕೊಳ್ಳಬೇಕಾಗುತ್ತದೆ. ಹಾಜರಿ ಕಡಿಮೆಯಾದರೆ ಸಾಲದ ಸರದಿಯೂ ಹಿಂದೆ ಬೀಳುತ್ತದೆ. ಪರಿಶಿಷ್ಟ ಜಾತಿಯ ಸದಸ್ಯರಿಗೆ ಗುಡಿಯ ಬಾಗಿಲಲ್ಲಿಯೇ ಸಂಕೋಚವಾಗುವ ಊರುಗಳಲ್ಲಿ ಹೇಳುವುದೇ ಬೇಡ. ಆದ್ದರಿಂದ ಸಭೆಯನ್ನು ಅಂಗನವಾಡಿ, ಶಾಲೆ, ಸಮುದಾಯ ಭವನ ಅಥವಾ ಎಲ್ಲರೂ ಎಲ್ಲ ದಿನವೂ ಬರಬಹುದಾದ ಬಯಲಿನಲ್ಲಿ ನಡೆಸುವುದು ಸೂಕ್ತ.

ಬಡ್ಡಿಯ ಲೆಕ್ಕ

ಗುಂಪು ಸೇರುವ ಮುನ್ನ ಬಡ್ಡಿಯ ಲೆಕ್ಕವನ್ನು ಅರಿಯತಕ್ಕದ್ದು. ಒಬ್ಬ ಸದಸ್ಯೆ 12,000 ರೂ. ಸಾಲ ಪಡೆದು, ತಿಂಗಳಿಗೆ 1,000 ರೂ. ಅಸಲಿನಂತೆ 12 ತಿಂಗಳಲ್ಲಿ ತೀರಿಸುವರೆಂದು ಭಾವಿಸೋಣ. ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂ. ಇದ್ದು, ಪ್ರತಿ ತಿಂಗಳು ಉಳಿದಿರುವ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದಲ್ಲಿ ವರ್ಷದ ಬಡ್ಡಿ 1,560 ರೂ. ಆಗುತ್ತದೆ. ಅದೇ 2 ರೂ. ಬಡ್ಡಿಯನ್ನು ಮೊದಲ ದಿನದ 12,000 ರೂ. ಮೇಲೆಯೇ ವರ್ಷಪೂರ್ತಿ ಲೆಕ್ಕ ಹಾಕಿದಲ್ಲಿ 2,880 ರೂ. ಆಗುತ್ತದೆ. ದರ ಒಂದೇ ಎಂದು ಹೇಳಿದರೂ ಸದಸ್ಯೆಗೆ 1,320 ರೂ. ಹೆಚ್ಚು ಬೀಳುತ್ತದೆ. ಆದಕಾರಣ "ಬಡ್ಡಿ ಎಷ್ಟು" ಎಂದು ಕೇಳಿದರೆ ಸಾಲದು. "ಇಳಿಯುವ ಅಸಲಿನ ಮೇಲೋ, ಮೂಲ ಅಸಲಿನ ಮೇಲೋ" ಎಂದು ಕೇಳಬೇಕು. ಸೇವಾ ಶುಲ್ಕ, ವಿಮೆ, ಅರ್ಜಿ ಶುಲ್ಕಗಳನ್ನೂ ಕೂಡಿಸಿ ಒಟ್ಟು ಎಷ್ಟು ಕಟ್ಟಬೇಕೆಂಬುದನ್ನು ಬರಹದಲ್ಲಿ ಪಡೆಯತಕ್ಕದ್ದು.

ಹೋಲಿಕೆಗಾಗಿ ನೋಡುವುದಾದರೆ, ತಿಂಗಳಿಗೆ ನೂರಕ್ಕೆ 5 ರೂ. ಕೈಬಡ್ಡಿಗೆ ಅದೇ 12,000 ರೂ. ತಂದವರು ವರ್ಷವಿಡೀ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದಲ್ಲಿ 7,200 ರೂ. ತೆತ್ತ ಮೇಲೂ ಅಸಲು ಹಾಗೆಯೇ ನಿಂತಿರುತ್ತದೆ. ಗುಂಪುಗಳು ಬಡತನವನ್ನು ಕಡಿಮೆ ಮಾಡಿವೆ ಎಂದು ಹೇಳುವಾಗ ಅದರ ಮೊದಲ ಅರ್ಥ ಇದೇ ಆಗಿದೆ. ಮೊದಲ ಒಂದೆರಡು ಸಾಲಗಳು ಉದ್ಯೋಗಕ್ಕಿಂತ ಹೆಚ್ಚಾಗಿ ದವಸ, ಔಷಧ, ಶಾಲಾ ಖರ್ಚು, ಹಳೆಯ ಕೈಸಾಲದ ತೀರುವಳಿಗೆ ಹೋಗುವುದುಂಟು. ಇದನ್ನು ದುರುಪಯೋಗವೆಂದು ತಿಳಿಯಬೇಕಾಗಿಲ್ಲ.

ಇನ್ನು ಬಡ್ಡಿಯ ವ್ಯವಹಾರ ತಮ್ಮ ಧರ್ಮಕ್ಕೆ ಒಪ್ಪದೆಂದು ಭಾವಿಸುವ ಸದಸ್ಯರಿರುವ ಗುಂಪುಗಳು ತಮ್ಮ ಸ್ವಂತ ಉಳಿತಾಯದಿಂದ ನೀಡುವ ಆಂತರಿಕ ಸಾಲಕ್ಕೆ ಬಡ್ಡಿಯನ್ನು ನಿಗದಿಪಡಿಸದಿರಲು ಸ್ವತಂತ್ರವಾಗಿರುತ್ತವೆ. ಬ್ಯಾಂಕ್ ಸಾಲಕ್ಕೆ ಮಾತ್ರ ಬ್ಯಾಂಕಿನ ದರ ಅನ್ವಯಿಸುತ್ತದೆ.

ಮಳೆ, ಮಗ್ಗ ಮತ್ತು ವಾರದ ಕಂತು

ಶೇಂಗಾ ಮುಂಗಾರಿನಲ್ಲಿ ಬಿತ್ತನೆಯಾಗಿ ಅಕ್ಟೋಬರ್-ನವೆಂಬರ್ ವೇಳೆಗೆ ಕೈಗೆ ಬರುತ್ತದೆ. ಹಣ ಬರುವುದು ವರ್ಷಕ್ಕೊಮ್ಮೆ, ಕಂತು ಕಟ್ಟಬೇಕಾದದ್ದು ವಾರಕ್ಕೊಮ್ಮೆ. ಬಿತ್ತನೆ ಬೀಜಕ್ಕೆಂದು ಪಡೆದ ಸಾಲದ ಕಂತನ್ನು ಬೆಳೆ ಬರುವ ಮೊದಲೇ ಕೂಲಿಯಿಂದ, ಹಾಲಿನಿಂದ ಅಥವಾ ಕುರಿಮರಿ ಮಾರಿ ಕಟ್ಟಬೇಕಾಗುತ್ತದೆ. ಮಳೆ ಹೋದ ವರ್ಷ ಇವು ಮೂರೂ ಒಟ್ಟಿಗೆ ಕ್ಷೀಣಿಸುತ್ತವೆ. ಆದ್ದರಿಂದ ಕೇವಲ ಬೇಸಾಯವನ್ನು ನಂಬಿದ ಸದಸ್ಯರು ಸಾಲದ ಮೊತ್ತವನ್ನು ಬೆಳೆಯ ನಿರೀಕ್ಷೆಯ ಮೇಲೆ ನಿರ್ಧರಿಸದೆ, ವಾರದ ಕೂಲಿಯಲ್ಲಿ ಎಷ್ಟು ಉಳಿಯುತ್ತದೆಂಬುದರ ಮೇಲೆ ನಿರ್ಧರಿಸುವುದು ಕ್ಷೇಮಕರ. ಕಂತಿನ ಅವಧಿಯನ್ನು ಬೆಳೆಯ ಅವಧಿಗೆ ಹೊಂದಿಸುವಂತೆ ಬ್ಯಾಂಕನ್ನು ಗುಂಪಿನ ನಿರ್ಣಯದ ಮೂಲಕ ಕೋರಬಹುದು.

ಮೊಳಕಾಲ್ಮುರಿನ ನೇಕಾರ ಕುಟುಂಬಗಳ ಸ್ಥಿತಿ ಬೇರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಮೊಳಕಾಲ್ಮುರು ಸೀರೆಯನ್ನು ನೇಯುವ ಕುಟುಂಬವು ಮಾಲೀಕರಿಂದ ರೇಷ್ಮೆ, ಜರಿ ಪಡೆದು ಕೂಲಿಗೆ ನೇಯುವುದಾದಲ್ಲಿ ಆದಾಯ ಹೆಚ್ಚು ಕಡಿಮೆ ನಿಯಮಿತವಾಗಿರುವುದರಿಂದ ವಾರದ ಕಂತು ಹೊಂದಿಕೊಳ್ಳುತ್ತದೆ. ಆದರೆ ಕೂಲಿ ನೇಕಾರಿಕೆಯಿಂದ ಸ್ವಂತ ನೇಕಾರಿಕೆಗೆ ಬರಲು ಗುಂಪಿನ ಒಂದು ಸಣ್ಣ ಸಾಲ ಸಾಲದು. ಕಚ್ಚಾ ಮಾಲಿನ ಬಂಡವಾಳದ ಜೊತೆಗೆ, ಸೀರೆ ಮಾರಾಟವಾಗುವವರೆಗೆ ಕಾಯುವ ಶಕ್ತಿಯೂ ಬೇಕು. ಇಂತಹವರು ಗುಂಪಿನ ಸಾಲವೊಂದನ್ನೇ ನೆಚ್ಚದೆ ಕೈಮಗ್ಗ ಮತ್ತು ಜವಳಿ ಇಲಾಖೆಯ ಸೌಲಭ್ಯಗಳನ್ನು ವಿಚಾರಿಸತಕ್ಕದ್ದು. ಕಸುಬು ಬದಲಿಸಲು ಬಯಸುವವರಿಗೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಲಭ್ಯವಿದೆ. ಈ ಸಂಸ್ಥೆಯ ಮಾದರಿಯೂ ಧರ್ಮಸ್ಥಳ ಮತ್ತು ಬ್ಯಾಂಕುಗಳ ಸಹಯೋಗದಲ್ಲಿ 1982ರಲ್ಲಿ ಉಜಿರೆಯಲ್ಲಿ ಮೊದಲಾದದ್ದು.

ಗುಂಪುಗಳಿಂದ ಹೊರಗೆ ಉಳಿದಿರುವವರು ಸಾಮಾನ್ಯವಾಗಿ ಅತ್ಯಂತ ಬಡವರೇ ಆಗಿರುತ್ತಾರೆ. ವಲಸೆ ಹೋಗುವವರು, ಕುರಿ ಹಿಂಡಿನೊಂದಿಗೆ ಅಲೆಯುವವರು, ಒಂಟಿ ವೃದ್ಧೆಯರು ವಾರದ ಸಭೆಗೆ ಬರಲಾಗುವುದಿಲ್ಲವೆಂಬ ಕಾರಣಕ್ಕೆ ಇತರ ಸದಸ್ಯರು ಅವರನ್ನು ಸೇರಿಸಿಕೊಳ್ಳಲು ಒಪ್ಪುವುದಿಲ್ಲ. ಸಂಜೀವಿನಿಯಲ್ಲಿ ಸಾಮಾನ್ಯ ಗುಂಪಿಗೆ 10ರಿಂದ 20 ಸದಸ್ಯರಿರಬೇಕಾದರೂ ಅಂಗವಿಕಲರು, ವೃದ್ಧರು ಮುಂತಾದವರ ವಿಶೇಷ ಗುಂಪುಗಳಿಗೆ 5 ಸದಸ್ಯರಿದ್ದರೂ ಸಾಕು.

ಸರ್ಕಾರಿ ಸೌಲಭ್ಯಕ್ಕೆ ಅರ್ಹತೆ

ಧಾರ್ಮಿಕ ಸಂಸ್ಥೆಯ ಆಶ್ರಯದ ಗುಂಪಿನ ಸದಸ್ಯರಾಗಿದ್ದಾರೆಂಬ ಕಾರಣಕ್ಕೆ, ಅಥವಾ ಸದಸ್ಯರಾಗಿಲ್ಲವೆಂಬ ಕಾರಣಕ್ಕೆ, ಯಾವುದೇ ವ್ಯಕ್ತಿಗೆ ಸರ್ಕಾರಿ ಸೌಲಭ್ಯವನ್ನು ನಿರಾಕರಿಸಲಾಗುವುದಿಲ್ಲ. ಬೇರೆ ಸಂಸ್ಥೆಗಳು ರಚಿಸಿದ ಗುಂಪುಗಳು ಸಹ ಅಭಿಯಾನದ ನಿಯಮಗಳನ್ನು ಪಾಲಿಸುವುದಾದಲ್ಲಿ ಸಂಜೀವಿನಿಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸೇರಲು ಅವಕಾಶವಿದೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದಲ್ಲಿ ಮರುಪಾವತಿ ಮತ್ತು ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳ ಪಾಲನೆಯನ್ನು ಮುಖ್ಯವಾಗಿ ಪರಿಶೀಲಿಸಲಾಗುತ್ತದೆ. ಕಾಣಿಕೆ, ಜಾತ್ರೆಯ ವಂತಿಗೆ, ಪೂಜಾ ಖರ್ಚುಗಳನ್ನು ಉಳಿತಾಯದ ಪುಸ್ತಕದಲ್ಲಿ ಬೆರೆಸಿದ ಗುಂಪುಗಳು ಈ ಪರಿಶೀಲನೆಯಲ್ಲಿ ತೊಂದರೆಗೆ ಒಳಗಾಗುತ್ತವೆ. ಗೌರಸಮುದ್ರ ಮಾರಮ್ಮನ ಜಾತ್ರೆಗೆ ವಂತಿಗೆ ಕೊಡಲು ಯಾರದೂ ಅಡ್ಡಿಯಿಲ್ಲ, ಆದರೆ ಅದನ್ನು ಸದಸ್ಯರು ತಮ್ಮ ತಮ್ಮ ಕೈಯಿಂದ ಕೊಡತಕ್ಕದ್ದೇ ಹೊರತು ಗುಂಪಿನ ಖಾತೆಯಿಂದಲ್ಲ.

ಉಳಿತಾಯ ಖಾತೆ ತೆರೆಯುವಾಗ ಗುಂಪಿನ ಪದಾಧಿಕಾರಿಗಳ ಗುರುತಿನ ದಾಖಲೆಗಳು ಸಾಕು, ಎಲ್ಲ ಸದಸ್ಯರ ದಾಖಲೆ ಅಗತ್ಯವಿಲ್ಲ. ಆರು ತಿಂಗಳು ಪಂಚಸೂತ್ರ ಪಾಲಿಸಿದ ಗುಂಪು ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಅಭಿಯಾನದ ಗುಂಪುಗಳಿಗೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಯಾವುದೇ ಆಧಾರ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣವನ್ನು ಹಿಡಿದಿಡುವಂತೆಯೂ ಇಲ್ಲ.

ಹಳೆಯ ಪಾಸ್ ಪುಸ್ತಕಗಳ ಬಗ್ಗೆ ಒಂದು ಮಾತು. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿಯೂ, ಅದು ಮುಂದೆ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್ ಆಗಿ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿಯೂ ಸೇರಿದೆ. ಹಳೆಯ ಹೆಸರಿನ ಪುಸ್ತಕವಿರುವ ಗುಂಪುಗಳ ಉಳಿತಾಯ ನಷ್ಟವಾಗಿರುವುದಿಲ್ಲ. ಪುಸ್ತಕದೊಂದಿಗೆ ಶಾಖೆಗೆ ಹೋಗಿ ಖಾತೆಯನ್ನು ಚಾಲ್ತಿಗೊಳಿಸಿಕೊಳ್ಳಬಹುದು.

ಸಾರ್ವಜನಿಕರ ಗಮನಕ್ಕೆ

ಒಬ್ಬರೇ ಎರಡು ಮೂರು ಕಡೆ ಸಾಲ ಪಡೆದು, ಒಂದರ ಕಂತನ್ನು ಇನ್ನೊಂದರಿಂದ ಕಟ್ಟುವ ಸ್ಥಿತಿಗೆ ಬಂದವರು ಮರೆಮಾಚದೆ ಗುಂಪಿನ ಸಭೆಯಲ್ಲಿಯೇ ವಿಷಯವನ್ನು ತಿಳಿಸಿ ಅವಧಿ ವಿಸ್ತರಣೆ ಕೋರತಕ್ಕದ್ದು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳ ಪ್ರಕಾರ, ವಾರ್ಷಿಕ 3 ಲಕ್ಷ ರೂ.ವರೆಗೆ ಆದಾಯವಿರುವ ಕುಟುಂಬಕ್ಕೆ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ನೀಡುವ ಕಿರುಸಾಲಕ್ಕೆ ಆಧಾರ ಪಡೆಯುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ಕಂತುಗಳು ಒಟ್ಟಾಗಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಬೆದರಿಕೆ, ನಿಂದನೆ, ಬಂಧುಗಳಿಗೆ ಕಿರುಕುಳ ನಿಷಿದ್ಧ.

ರಾಜ್ಯದಲ್ಲಿ ಬಲವಂತದ ವಸೂಲಿಯಿಂದ ಹಲವು ಕುಟುಂಬಗಳು ಊರು ಬಿಟ್ಟ ವರದಿಗಳ ಹಿನ್ನೆಲೆಯಲ್ಲಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಅಧ್ಯಾದೇಶವನ್ನು ಹೊರಡಿಸಲಾಯಿತು. ತದನಂತರ ಇದು ಅಧಿನಿಯಮವಾಗಿದೆ. ಇದರಡಿ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು 5 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ.

ಖಾಲಿ ಚೆಕ್, ಖಾಲಿ ಛಾಪಾ ಕಾಗದ, ಬರೆಯದ ರಸೀದಿಗಳಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕಗಳ ಮೂಲ ಪ್ರತಿಗಳನ್ನು ಯಾರ ವಶಕ್ಕೂ ಕೊಡಬಾರದು. ಕಟ್ಟಿದ ಪ್ರತಿ ಕಂತನ್ನು ಅದೇ ದಿನ ಸದಸ್ಯರ ಪುಸ್ತಕದಲ್ಲಿ ಬರೆಸಿಕೊಳ್ಳತಕ್ಕದ್ದು. ಓದು ಬಾರದ ಸದಸ್ಯರು ಶಾಲೆಗೆ ಹೋಗುವ ಮಗುವಿನಿಂದ ತಿಂಗಳಿಗೊಮ್ಮೆಯಾದರೂ ಪುಸ್ತಕವನ್ನು ಓದಿಸಿ ಕೇಳುವುದು ಒಳ್ಳೆಯದು. ಸಾಲಗಾರರು ಮೃತಪಟ್ಟಲ್ಲಿ ಸಾಲಕ್ಕೆ ವಿಮೆ ಇದೆಯೇ ಎಂಬುದನ್ನು ಕುಟುಂಬದವರು ಮೊದಲು ವಿಚಾರಿಸಬೇಕು.

ಸಂಪರ್ಕ

ಸ್ತ್ರೀಶಕ್ತಿ ಗುಂಪುಗಳ ವಿಚಾರವಾಗಿ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು, ಸಂಜೀವಿನಿ ಗುಂಪುಗಳ ವಿಚಾರವಾಗಿ ಗ್ರಾಮ ಪಂಚಾಯಿತಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು ಅಥವಾ ತಾಲ್ಲೂಕು ಪಂಚಾಯಿತಿ ಕಚೇರಿಯನ್ನು ಸಂಪರ್ಕಿಸಬಹುದು. ಬ್ಯಾಂಕ್ ಹಾಗೂ ಹಣಕಾಸು ಸಂಸ್ಥೆಗಳ ವಿರುದ್ಧದ ದೂರಿಗೆ ರಿಸರ್ವ್ ಬ್ಯಾಂಕಿನ 14448, ಮಹಿಳಾ ಸಹಾಯವಾಣಿಗೆ 181, ಉಚಿತ ಕಾನೂನು ನೆರವಿಗೆ 15100, ತುರ್ತು ಪೊಲೀಸ್ ನೆರವಿಗೆ 112 ಸಂಖ್ಯೆಗಳಿಗೆ ಕರೆ ಮಾಡಬಹುದು. ದೂರು ನೀಡುವಾಗ ಸದಸ್ಯರ ಪುಸ್ತಕ ಮತ್ತು ಸಾಲದ ಚೀಟಿಯ ನಕಲನ್ನು ಲಗತ್ತಿಸತಕ್ಕದ್ದು.