ಅಕ್ರಾಯ್ಡ್‌ನನ್ನು ಕೊಂದವರಾರು? – ಓದುಗರ ವಾದ

ಗಡಿನಾಡಿನ ನಮ್ಮ ಮನೆಗಳಿಗೆ ಪತ್ತೇದಾರಿ ಕಥೆಗಳು ಎರಡು ಬಾಗಿಲುಗಳಿಂದ ಬಂದವು: ಮರಾಠಿಯಲ್ಲಿ ಬಾಬುರಾವ ಅರ್ನಾಳಕರರಿಂದ, ಕನ್ನಡದಲ್ಲಿ ಎನ್. ನರಸಿಂಹಯ್ಯನವರಿಂದ. ನವಿ ಪೇಠೆಯಾಗಲಿ ಅಕ್ಕಲಕೋಟೆಯಾಗಲಿ, ಇಂಥ ಪುಸ್ತಕ ಮನೆಮಂದಿಯ ಕೈಯಿಂದ ಕೈಗೆ ದಾಟುವಾಗ ‘ಕೊಲೆಗಾರ ಯಾರೆಂದು ಹೇಳಬೇಡಿ’ ಎಂಬುದೇ ಮೊದಲ ಕರಾರು.

ಆ ಕರಾರಿಗೆ ತಕ್ಕ ಕೃತಿ ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ (1926). ಇಂಗ್ಲೆಂಡಿನ ಹಳ್ಳಿಯೊಂದರ ಸಿರಿವಂತ ಅಕ್ರಾಯ್ಡ್ ತನ್ನ ಬಂಗಲೆಯ ಓದುಕೋಣೆಯಲ್ಲಿಯೇ ಇರಿತಕ್ಕೆ ಬಲಿಯಾಗುತ್ತಾನೆ. ನೆಂಟರು, ಆಳುಕಾಳುಗಳು, ಎಲ್ಲರೂ ಏನನ್ನೋ ಮುಚ್ಚಿಡುತ್ತಾರೆ. ನಿವೃತ್ತನಾಗಿ ಕಾಯಿಪಲ್ಲೆ ಬೆಳೆಯುತ್ತಿದ್ದ ಪತ್ತೇದಾರ ಪೊಯ್ರೋ ಸತ್ಯವನ್ನು ಬಯಲಿಗೆಳೆಯುತ್ತಾನೆ.

ಆ ಸತ್ಯವೇ ಓದುಗರನ್ನು ಎರಡು ಪಕ್ಷ ಮಾಡಿತು. ಲೇಖಕಿ ವಂಚಿಸಿದರೆಂದು ಕೆಲವರು ಸಿಡಿದರು. ಎಲ್ಲರನ್ನೂ ಸಂಶಯಿಸುವುದು ಓದುಗನ ಹೊಣೆಯೆಂದು ಲೇಖಕಿ ಡೊರೊಥಿ ಸೇಯರ್ಸ್ ಅವರ ಪರ ನಿಂತರು. 1945ರಲ್ಲಿ ಅಮೇರಿಕೆಯ ವಿಮರ್ಶಕ ಎಡ್ಮಂಡ್ ವಿಲ್ಸನ್, ಅಕ್ರಾಯ್ಡ್‌ನನ್ನು ಯಾರು ಕೊಂದರೇನೆಂಬ ಅರ್ಥದ ಶೀರ್ಷಿಕೆಯಿಟ್ಟು ಪತ್ತೇದಾರಿ ಸಾಹಿತ್ಯವನ್ನೇ ಹಳಿದರು. ಆದರೆ 2013ರಲ್ಲಿ ಬ್ರಿಟನ್ನಿನ ಅಪರಾಧ ಕಥಾ ಲೇಖಕರ ಸಂಘದ ಸದಸ್ಯರು ಇದನ್ನೇ ಸರ್ವಶ್ರೇಷ್ಠ ಪತ್ತೇದಾರಿ ಕಾದಂಬರಿಯೆಂದು ಆರಿಸಿದರು.

ವಂಚನೆಯಿಲ್ಲವೆಂಬುದು ನಮ್ಮ ಮತ. ಎರಡನೆಯ ಸಲ ಓದಿದರೆ ಸುಳಿವುಗಳೆಲ್ಲ ಪುಟದ ಮೇಲೆಯೇ ಕಾಣುತ್ತವೆ. ಕಥೆಯ ಅವಸರದಲ್ಲಿ ಕಣ್ಣು ಅವನ್ನು ದಾಟಿ ಹೋಗಿರುತ್ತದೆ. ಆದರೆ ಗುಟ್ಟು ಮೊದಲೇ ತಿಳಿದವರಿಗೆ ಆ ಮೊದಲ ಬೆರಗು ಮತ್ತೆ ದೊರೆಯದು. ಆದ್ದರಿಂದ ಮೊದಲು ಓದಿದವರು ಬಾಯಿ ಬಿಗಿಹಿಡಿಯಲಿ. ಮನೆಯವರೆಲ್ಲರೂ ಓದಿ ಮುಗಿಸಿದ ಮೇಲೆ, ಲೇಖಕಿಯದು ನ್ಯಾಯವೋ ಅನ್ಯಾಯವೋ ಎಂದು ಒಟ್ಟಿಗೆ ಕುಳಿತು ವಾದಿಸಬಹುದು.