ಮದ್ದಿನ ಹೆಸರು ಬರೆದರೆ ತಪ್ಪು ಒಪ್ಪಿಕೊಂಡಂತಲ್ಲ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಆಸ್ಪತ್ರೆಯ ಮಾತು ಬಂದಾಗಲೆಲ್ಲ ಒಂದು ನಂಬಿಕೆ ಎದುರಾಗುತ್ತದೆ. ಕೊಟ್ಟ ಮದ್ದಿನಿಂದಲೇ ಪ್ಲೇಟ್‌ಲೆಟ್ ಇಳಿಯಿತು ಎಂದು ಡಾಕ್ಟರು ಡಿಸ್ಚಾರ್ಜ್ ಹಾಳೆಯಲ್ಲಿ ಬರೆದರೆ ಅವರು ತಪ್ಪು ಒಪ್ಪಿಕೊಂಡ ಹಾಗೆ ಎಂಬುದು ಅದು. 'ರಾಂಗ್ ಇಂಜೆಕ್ಷನ್ ಕೊಟ್ಟಿದ್ದಾರೆ' ಎಂದು ಮನೆಯವರು ವಾರ್ಡಿನಲ್ಲಿ ಗಲಾಟೆ ಎಬ್ಬಿಸುತ್ತಾರೆ. ಆ ಗಲಾಟೆಗೆ ಹೆದರಿ ಬರೆಯಬೇಕಾದವರು ಬರೆಯುವುದಿಲ್ಲ. ನನಗೆ ಎರಡೂ ಕಡೆಯವರ ಮೇಲೆ ಸಿಟ್ಟಿದೆ, ಏಕೆಂದರೆ ಇದರ ಫಲ ಉಣ್ಣುವವನು ರೋಗಿ.

ಹೆಪಾರಿನ್ ನೋಡಿ. ಹೃದಯಾಘಾತ, ಬೈಪಾಸ್, ಡಯಾಲಿಸಿಸ್ ಎಲ್ಲದರಲ್ಲೂ ರಕ್ತ ಹೆಪ್ಪುಗಟ್ಟದಿರಲು ಕೊಡುವ ಮದ್ದು ಇದು. ಕೆಲವೇ ಕೆಲವರ ದೇಹ ಇದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ 5ರಿಂದ 10ನೇ ದಿನದ ಒಳಗೆ ಪ್ಲೇಟ್‌ಲೆಟ್ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಬೀಳುತ್ತದೆ. ಸಂಖ್ಯೆ ಕಡಿಮೆಯಾದರೂ ರಕ್ತ ಸೋರುವುದು ಅಪರೂಪ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವುದೇ ಹೆಚ್ಚು. ಮದ್ದು ಸರಿ, ಪ್ರಮಾಣ ಸರಿ, ಕೊಟ್ಟ ಕಾರಣವೂ ಸರಿ. ಆದರೂ ಹೀಗಾಗುತ್ತದೆ.

ಇದನ್ನು ದಾಖಲಿಸುವ ನಿಯಮ ಮಾಡಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಗಳ ಕೋಡ್ ಪಟ್ಟಿಯಲ್ಲಿ, ಸರಿಯಾಗಿ ಕೊಟ್ಟ ಮದ್ದಿನಿಂದಾದ ಅಡ್ಡಪರಿಣಾಮಕ್ಕೆ ವೈ40ರಿಂದ ವೈ59ರವರೆಗೆ ಪ್ರತ್ಯೇಕ ಕೋಡುಗಳಿವೆ. ತಪ್ಪು ಮದ್ದು, ಅತಿಯಾದ ಡೋಸು ಹೋಗುವ ಜಾಗ ಬೇರೆಯೇ. ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಬಿದ್ದರೆ ಡಿ69.5, ಜೊತೆಗೆ ವೈ44.2. ನಮ್ಮ ದೇಶದ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ (2010ರಲ್ಲಿ ಶುರುವಾದದ್ದು) ಕಳಿಸುವ ವರದಿಯ ನಮೂನೆಯ ಮೇಲೆಯೇ, ಈ ವರದಿ ಕೊಟ್ಟರೆ ವೈದ್ಯರಾಗಲಿ ಕಂಪನಿಯಾಗಲಿ ಕಾರಣ ಎಂದು ಒಪ್ಪಿಕೊಂಡಂತಾಗದು ಎಂದು ಅಚ್ಚಾಗಿದೆ. ಇನ್ನೇನು ಬೇಕು?

ಬರೆಯದಿದ್ದರೆ ಏನಾಗುತ್ತದೆ ನೋಡೋಣ. ಹೊನ್ನಾವರದ ಒಬ್ಬ ಮೀನುಗಾರ ದೂರದ ದೊಡ್ಡ ಆಸ್ಪತ್ರೆಯಲ್ಲಿ ಬೈಪಾಸ್ ಮಾಡಿಸಿಕೊಂಡ ಎಂದು ಇಟ್ಟುಕೊಳ್ಳಿ. ದಾಖಲಾದ ದಿನ ಪ್ಲೇಟ್‌ಲೆಟ್ 2,40,000, ಏಳನೇ ದಿನ 85,000. ಡಾಕ್ಟರಿಗೆ ಅನುಮಾನ ಬಂತು, ಹೆಪಾರಿನ್ ನಿಲ್ಲಿಸಿ ಬೇರೆ ಮದ್ದು ಕೊಟ್ಟರು, ಸಂಖ್ಯೆ ಏರಿತು. ಚಿಕಿತ್ಸೆಯಲ್ಲಿ ಕೊರತೆಯಿಲ್ಲ. ಆದರೆ ಹಾಳೆಯಲ್ಲಿ ಬಂದದ್ದು ಇಷ್ಟು: 'ಥ್ರಾಂಬೋಸೈಟೋಪೀನಿಯಾ (ಪ್ಲೇಟ್‌ಲೆಟ್ ಇಳಿಕೆ), ಈಗ ಸರಿಯಾಗಿದೆ.' ಕೋಡ್ ಹಾಕುವವರು ಇದಕ್ಕೆ ಡಿ69.6 ಹಾಕುತ್ತಾರೆ, ಅಂದರೆ ಕಾರಣ ನಮೂದಾಗಿಲ್ಲ ಎಂದು. ಲ್ಯಾಬ್ ರಿಪೋರ್ಟ್ ಪಕ್ಕದಲ್ಲೇ ಇದ್ದರೂ, ಮದ್ದಿನ ಪಟ್ಟಿ ಕಣ್ಣೆದುರೇ ಇದ್ದರೂ, ಎರಡನ್ನೂ ತಾವೇ ಜೋಡಿಸುವ ಅಧಿಕಾರ ಅವರಿಗಿಲ್ಲ. 'ಹೆಪಾರಿನ್‌ನಿಂದ' ಎಂಬ ಮಾತು ಡಾಕ್ಟರಿಂದಲೇ ಬರಬೇಕು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕಡತ ನೋಡುವ ನಮ್ಮ ಹುಡುಗ ಹುಡುಗಿಯರಿಗೆ ಇದು ದಿನನಿತ್ಯದ ಪಾಠ. ಅಲ್ಲಿ ಈ ಕಾಯಿಲೆಗೇ ಪ್ರತ್ಯೇಕ ಕೋಡ್ ಇದೆ, 2022ರ ಅಕ್ಟೋಬರಿನಲ್ಲಿ ಅದನ್ನು ಇನ್ನೂ ಬಿಡಿಸಿದ್ದಾರೆ. ಕಾರಣ ಬರೆಯದಿದ್ದರೆ ಕಡತ ಪ್ರಶ್ನೆಯೊಂದಿಗೆ ಡಾಕ್ಟರ ಬಳಿಗೆ ವಾಪಸ್ಸು ಹೋಗುತ್ತದೆ.

ಮುಂದಿನ ತಿಂಗಳು ಅದೇ ಮೀನುಗಾರನಿಗೆ ಕಾಲು ಊದಿಕೊಂಡಿತು, ಊರ ಆಸ್ಪತ್ರೆಗೆ ಬಂದ. ಹೆಪ್ಪುಗಟ್ಟಿದ ರಕ್ತಕ್ಕೆ ಮೊದಲ ಮದ್ದು ಯಾವುದು? ಹೆಪಾರಿನ್. ಆ ಪ್ರತಿಕಾಯಗಳು ಸುಮಾರು 100 ದಿನ ರಕ್ತದಲ್ಲಿ ಉಳಿಯಬಹುದು. ಅಷ್ಟರೊಳಗೆ ಮತ್ತೆ ಕೊಟ್ಟರೆ ಪ್ಲೇಟ್‌ಲೆಟ್ ಒಂದೇ ದಿನದಲ್ಲಿ ಕುಸಿಯಬಹುದು. ದೊಡ್ಡ ಕಾಯಿಲೆಗೆ ಹೆದ್ದಾರಿ 66 ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಲೇಬೇಕಾದ ಊರು ನಮ್ಮದು. ಆಪರೇಷನ್ ಒಂದು ಕಡೆ, ಆಮೇಲಿನ ಆರೈಕೆ ಇನ್ನೊಂದು ಕಡೆ. ನಡುವೆ ಮಾತಾಡುವುದು ಆ ಹಾಳೆ ಒಂದೇ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಎಂದಿಲ್ಲ. ಇಲಿಜ್ವರವಿದೆ, ಮಂಗನ ಕಾಯಿಲೆಯಿದೆ, ಸಲ್ಫಾ, ರಿಫಾಂಪಿಸಿನ್, ಎರಡು ವಾರ ದಾಟಿದ ಲಿನೆಜೋಲಿಡ್ ಇವೆ. ಇದು ಹೊಸ ಕಾಲದ ಮದ್ದುಗಳ ಕಾಟವೂ ಅಲ್ಲ, ಕ್ವಿನೈನ್‌ನಿಂದ ಮೈಮೇಲೆ ರಕ್ತದ ಕಲೆ ಏಳುವುದನ್ನು 1865ರಲ್ಲೇ ವರದಿ ಮಾಡಿದ್ದಾರೆ. 'ಪ್ಲೇಟ್‌ಲೆಟ್ ಬಾಟಲಿ ಹಾಕಿಸಿ' ಎಂಬ ಒತ್ತಾಯವಂತೂ ಹೆಪಾರಿನ್ ಪ್ರಕರಣದಲ್ಲಿ ರಕ್ತಸ್ರಾವ ಇಲ್ಲದಿದ್ದರೆ ಅನಗತ್ಯ. ಪಪ್ಪಾಯಿ ಎಲೆಯ ರಸ ಕುಡಿಸುವವರಿಗೆ ಒಂದೇ ಮಾತು: ಕೆಡಿಸುತ್ತಿರುವ ಮದ್ದು ನಿಲ್ಲದೆ ಯಾವ ರಸದಿಂದಲೂ ಪ್ರಯೋಜನವಿಲ್ಲ.

ಎಲೆಯ ರಸದ ಬಗ್ಗೆ ಬಂದ ವಾಟ್ಸಾಪ್ ಸಂದೇಶವನ್ನು ಹತ್ತು ಮನೆಗೆ ಕಳಿಸುವ ನಮಗೆ, ಕೈಯಲ್ಲೇ ಇರುವ ಡಿಸ್ಚಾರ್ಜ್ ಹಾಳೆಯನ್ನು ಒಮ್ಮೆ ಓದಿಸಿಕೊಳ್ಳುವ ತಾಳ್ಮೆ ಇಲ್ಲ. ಯಾರೋ ಹೇಳಿದ್ದನ್ನು ನಂಬುತ್ತೇವೆ, ಸಹಿ ಹಾಕಿ ಕೊಟ್ಟಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕಪಾಟಿಗೆ ಸೇರಿಸುತ್ತೇವೆ. ಇದು ನನ್ನನ್ನು ಕಾಡುತ್ತದೆ.

ಬಿಲ್ ಕಟ್ಟಿ ಹೊರಡುವ ಮೊದಲು ಹಾಳೆಯಲ್ಲಿ 'ಅಲರ್ಜಿ' ಎಂಬ ಸಾಲು ಹುಡುಕಿ. ಮದ್ದಿನಿಂದ ಪ್ಲೇಟ್‌ಲೆಟ್ ಬಿದ್ದಿತ್ತು ಎಂದು ವಾರ್ಡಿನಲ್ಲಿ ಬಾಯಿಮಾತಲ್ಲಿ ಹೇಳಿದ್ದು ನಿಜವಾಗಿದ್ದು, ಅಲ್ಲಿ 'ಇಲ್ಲ' ಎಂದಿದ್ದರೆ, ಮದ್ದಿನ ಹೆಸರು, ನಿಲ್ಲಿಸಿದ ದಿನಾಂಕ ಎರಡನ್ನೂ ಸೇರಿಸಲು ಕೇಳಿ. ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ವರದಿ ಕೊಡಲು 1800-180-3024ಕ್ಕೆ ರೋಗಿಯ ಮನೆಯವರೂ ಫೋನ್ ಮಾಡಬಹುದು.