ದೋಣಿ ಉಜ್ಜಿದ ದೂಳು ಎಲ್ಲಿಗೆ ಹೋಗುತ್ತದೆ?

ಹಳೆಯ ಫೈಬರ್ ದೋಣಿಗೆ ಗ್ರೈಂಡರ್ ಹಿಡಿದಾಗ ಏಳುವ ದೂಳಿನ ಬಣ್ಣ ನೋಡಿಯೇ ಯಂತ್ರ ಯಾವ ಪದರದಲ್ಲಿದೆ ಎಂದು ಹೇಳಬಹುದು. ಮೊದಲು ಬರುವುದು ಕಳೆದ ವರ್ಷ ಬಳಿದ ನೀಲಿಯೋ ಹಸಿರೋ. ನೀರಿನಲ್ಲಿ ಮುಳುಗಿರುವ ಭಾಗವಾದರೆ ಬಹುಪಾಲು ಇಟ್ಟಿಗೆಗೆಂಪು. ಅದು ಪಾಚಿ, ಚಿಪ್ಪು ಅಂಟದಿರಲೆಂದು ಹಚ್ಚುವ ವಿಷದ ಬಣ್ಣ. ಅದರಡಿಯಲ್ಲಿ ಜೆಲ್‌ಕೋಟ್ ಎಂಬ ಬಿಳಿಯ ರಾಳದ ಪದರ, ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ. ಬಿಳಿ ದೂಳು ನಿಂತು ಬಿಸಿಲಿಗೆ ಮಿನುಗುವ ಪುಡಿ ಉದುರತೊಡಗಿದರೆ ಯಂತ್ರ ಗಾಜಿನ ನಾರಿಗೆ ತಗುಲಿದೆ ಎಂದರ್ಥ. ಕೆಲಸಗಾರನಿಗೆ ಅದು ಕಣ್ಣಿಗಿಂತ ಮೊದಲು ಮೊಣಕೈ ಸಂದಿಯ ತುರಿಕೆಯಿಂದಲೇ ಗೊತ್ತಾಗಿಬಿಡುತ್ತದೆ.

ಈ ಎಲ್ಲ ದೂಳೂ ಬೀಳುವುದು ಹೊಳೆಯ ದಡದಲ್ಲಿ. ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ ಎಲ್ಲವೂ ಅಳಿವೆಗೆ ಅಂಟಿಕೊಂಡ ಬಂದರುಗಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳನ್ನು ದಡಕ್ಕೆಳೆದು ದುರಸ್ತಿ ಮಾಡಿ ಬಣ್ಣ ಬಳಿಯಲು ಸಿಗುವ ಬಿಡುವು ಅದೇ. ಮುಂಗಾರಿನ ಮಳೆ ಸುರಿಯುವ ಕಾಲವೂ ಅದೇ. ಟಾರ್ಪಾಲಿನಡಿ ಬೆಳಿಗ್ಗೆ ಉಜ್ಜಿದ್ದು ಸಂಜೆಯ ಮಳೆಗೆ ಹೊಳೆ ಸೇರುತ್ತದೆ. ಹೀಗೆ ಹೋದದ್ದು ಏನಾಗುತ್ತದೆ ಎಂಬುದಕ್ಕೆ ಬೇರೆ ಕರಾವಳಿಗಳಿಂದ ಬಂದಿರುವ ಸಾಕ್ಷ್ಯ ನಾವು ಸುಮ್ಮನೆ ಕೂರುವಂತಿಲ್ಲ ಎನ್ನುತ್ತಿದೆ.

ಮೊದಲನೆಯದು ಗಾಜು. ಇಂಗ್ಲೆಂಡಿನ ದಕ್ಷಿಣ ತೀರದ ಚಿಚೆಸ್ಟರ್ ಅಳಿವೆಯಲ್ಲಿ ಬ್ರೈಟನ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ತಂಡ ದೋಣಿ ದುರಸ್ತಿ ತಾಣದ ಬಳಿಯ ಚಿಪ್ಪುಜೀವಿಗಳನ್ನು ತಂದು ಪರೀಕ್ಷಿಸಿತು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಕಿಲೋ ಸಿಂಪಿಯ ಮಾಂಸದಲ್ಲಿ 11,220ರವರೆಗೆ, ಒಂದು ಕಿಲೋ ನೀಲಿಕಲ್ಲಿನಲ್ಲಿ (ಮಸೆಲ್) 2,740ರವರೆಗೆ ಗಾಜಿನ ಕಣಗಳು ಕಂಡವು. ಕಣಗಳ ಪ್ರಮಾಣ ಏರಿದ್ದು ಚಳಿಗಾಲದಲ್ಲಿ, ಅಂದರೆ ಅಲ್ಲಿನವರು ದೋಣಿಗಳನ್ನು ಮೇಲೆತ್ತಿ ಬಯಲಲ್ಲಿ ಉಜ್ಜಿ ಬಣ್ಣ ಬಳಿಯುವ ತಿಂಗಳುಗಳಲ್ಲಿ. ಈ ಹೊಂದಾಣಿಕೆ ನನಗೆ ಆ ದೊಡ್ಡ ಅಂಕಿಗಿಂತಲೂ ಹೆಚ್ಚು ಕಳವಳ ತಂದಿದೆ. ಅವರ ಚಳಿಗಾಲದ ಜಾಗದಲ್ಲಿ ನಮ್ಮಲ್ಲಿ ಮಳೆಗಾಲವಿದೆ, ವ್ಯತ್ಯಾಸ ಅಷ್ಟೆ.

ಬಂಗುಡೆಯನ್ನೋ ಅಂಜಲನ್ನೋ ನಾವು ಹೊಟ್ಟೆ ಬಗೆದು, ತೊಳೆದು ತಿನ್ನುತ್ತೇವೆ. ಆದರೆ ಮರುವಾಯಿ, ಬಳಚು, ನೀಲಿಕಲ್ಲುಗಳಂಥ ಚಿಪ್ಪುಜೀವಿಗಳನ್ನು ಕರುಳಿನ ಸಮೇತ ತಿನ್ನುತ್ತೇವೆ. ಈ ಜೀವಿಗಳು ಗಂಟೆಗೆ ಲೀಟರುಗಟ್ಟಲೆ ನೀರು ಸೋಸಿ ಬದುಕುವವು. ಸೋಸಿದ್ದರಲ್ಲಿ ಗಾಜಿದ್ದರೆ ಅದು ಒಳಗೇ ಸಿಕ್ಕಿಕೊಳ್ಳಬಹುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಲ್ಲಿ ನಿಂತು ಬಳಚು ಆಯುವ ಹೆಂಗಸರ ಸಂಪಾದನೆ ನಿಂತಿರುವುದು ಈ ಸೋಸುವ ಜೀವದ ಮೇಲೆ. ತದಡಿ ಬಂದರಿರುವುದೂ ಅದೇ ಅಳಿವೆಯ ಬಾಯಲ್ಲಿ.

ಎರಡನೆಯದು ತಾಮ್ರ. ಕೆಳಭಾಗಕ್ಕೆ ಹಚ್ಚುವ ಕೆಂಪು ಬಣ್ಣದ ತೂಕದಲ್ಲಿ ಕಾಲು ಭಾಗದಿಂದ ಅರ್ಧದವರೆಗೂ ತಾಮ್ರದ ಆಕ್ಸೈಡ್ ಇರುವುದುಂಟು. ದೋಣಿಯ ಮೇಲಿರುವಾಗ ಅದು ನಿಧಾನವಾಗಿ ಕರಗುತ್ತದೆ. ಅದನ್ನು ತಯಾರಿಸುವುದೇ ಹಾಗೆ. ಪುಡಿಯಾದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ನೀರು ತಾಗುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ದೋಣಿ ತಾಣಗಳಲ್ಲಿ ಬಿದ್ದ ಬಣ್ಣದ ಚೂರುಗಳನ್ನು ವರ್ಷಗಳ ಕಾಲ ಅಭ್ಯಾಸ ಮಾಡಿದ ಪ್ಲಿಮತ್ ವಿಶ್ವವಿದ್ಯಾಲಯದ ಆಂಡ್ರ್ಯೂ ಟರ್ನರ್ ಇದನ್ನು ವಿವರವಾಗಿ ತೋರಿಸಿದ್ದಾರೆ. 1981ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೀಟರ್ ನೀರಿಗೆ ಐದಾರು ಮೈಕ್ರೋಗ್ರಾಂ ತಾಮ್ರವಿದ್ದಾಗಲೇ ಸಿಂಪಿ, ನೀಲಿಕಲ್ಲುಗಳ ಭ್ರೂಣಗಳಲ್ಲಿ ಅರ್ಧದಷ್ಟು ಸರಿಯಾಗಿ ಬೆಳೆಯಲಿಲ್ಲ. ಒಂದು ಗ್ರಾಂ ತಾಮ್ರ ಪೂರ್ತಿ ಕರಗಿದರೆ ಸುಮಾರು 1.7 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಬಲ್ಲದು. ಹೊಳೆಯಲ್ಲಿ ಎಲ್ಲವೂ ಕರಗುವುದಿಲ್ಲ, ಕರಗಿದ್ದರಲ್ಲಿ ಒಂದಷ್ಟನ್ನು ಕೆಸರು ಮತ್ತು ಕೊಳೆತ ಎಲೆಯ ಅಂಶ ಹಿಡಿದಿಡುತ್ತವೆ, ನಿಜ. ಆದರೆ ಒಂದು ದೋಣಿಯಿಂದ ಉದುರುವುದು ಗ್ರಾಂ ಲೆಕ್ಕದ ದೂಳಲ್ಲ, ಕಿಲೋ ಲೆಕ್ಕದ್ದು.

ಇಂಥದ್ದೊಂದು ಪಾಠ ಜಗತ್ತಿಗೆ ಒಮ್ಮೆ ಆಗಿದೆ. ಫ್ರಾನ್ಸಿನ ಆರ್ಕಶೋಂ ಕೊಲ್ಲಿ ಸಿಂಪಿ ಸಾಕಣೆಗೆ ಹೆಸರಾದದ್ದು. 1970ರ ದಶಕದ ಕೊನೆಗೆ ಅಲ್ಲಿ ಸಿಂಪಿಯ ಮರಿಗಳೇ ನಿಲ್ಲದಾದವು. ಬೆಳೆದವುಗಳ ಚಿಪ್ಪು ಅಡ್ಡಾದಿಡ್ಡಿ ದಪ್ಪಗಾಗಿ, ನಡುವೆ ಲೋಳೆ ತುಂಬಿದ ಗೂಡುಗಳಾದವು. ಕಾರಣ ಹುಡುಕಿದಾಗ ಸಿಕ್ಕಿದ್ದು ದೋಣಿಗಳ ಬಣ್ಣದಲ್ಲಿದ್ದ ಟಿಬಿಟಿ ಎಂಬ ತವರದ ಸಂಯುಕ್ತ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು, ಸಿಂಪಿಗಳು ಚೇತರಿಸಿಕೊಂಡವು. ಅದೇ ಕಾಲಕ್ಕೆ ಇಂಗ್ಲೆಂಡಿನ ತೀರದಲ್ಲಿ ಹೆಣ್ಣು ಸಮುದ್ರ ಬಸವನಹುಳುಗಳಿಗೆ ಗಂಡಿನ ಜನನಾಂಗ ಬೆಳೆಯುತ್ತಿತ್ತು; ಲೀಟರಿಗೆ ಒಂದು ನ್ಯಾನೊಗ್ರಾಂ ಟಿಬಿಟಿ ಅದಕ್ಕೆ ಸಾಕಾಗಿತ್ತು. ಹಡಗುಗಳಿಗೆ ಟಿಬಿಟಿಯನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಒಂದು ದೇಶಕ್ಕೆ ಕಣ್ಣಿಗೆ ಕಟ್ಟಿದಂತೆ ಕಂಡ ಸತ್ಯವನ್ನು ಎಲ್ಲರೂ ಒಪ್ಪಲು 26 ವರ್ಷ ಹಿಡಿಯಿತು. ಅಷ್ಟರೊಳಗೆ ಕೆಸರು ಸೇರಿದ ಟಿಬಿಟಿ ಗಾಳಿಯಾಡದ ಹೂಳಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ನಮ್ಮ ಪಕ್ಕದ ಮೊರ್ಮುಗಾವ್, ದೋನಾ ಪಾವ್ಲಾ ಸುತ್ತಲಿನ ಹೂಳಿನಲ್ಲೂ ಈ ಜಾತಿಯ ಸಂಯುಕ್ತಗಳನ್ನು ಅಳೆದಿದ್ದಾರೆ.

ಹಾನಿ ಇನ್ನು ಮುಂದೆ ಹೆಚ್ಚೀತು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಮರದ ದೋಣಿ ಬಿಟ್ಟು ಫೈಬರಿಗೆ ಬಂದವರ ಮೊದಲ ತಲೆಮಾರಿನ ದೋಣಿಗಳು ಮುದಿಯಾಗುತ್ತಿವೆ. ಹೊಸ ದೋಣಿಯ ಬಣ್ಣ ತೆಗೆಯಬೇಕಾಗಿಯೇ ಇರಲಿಲ್ಲ, ಮೇಲೆ ಮೇಲೆ ಬಳಿದರಾಯಿತು. ಪದರ ದಪ್ಪಗಾಗಿ ಹಪ್ಪಳಿಕೆ ಏಳತೊಡಗಿದ ಮೇಲೆ ಬುಡದಿಂದ ಕೆರೆಯದೆ ವಿಧಿಯಿಲ್ಲ. ಹಿಂದೆ ಕೈಯಲ್ಲಿ ಸ್ಕ್ರೇಪರ್ ಹಿಡಿದು ದಿನವಿಡೀ ಕೆರೆಯುತ್ತಿದ್ದುದನ್ನು ಈಗ ಗ್ರೈಂಡರ್ ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ. ಸ್ಕ್ರೇಪರಿನಿಂದ ಬೀಳುವುದು ಗುಡಿಸಿ ತುಂಬಬಹುದಾದ ಚಕ್ಕೆ. ಗ್ರೈಂಡರಿನಿಂದ ಏಳುವುದು ಗಾಳಿಯಲ್ಲಿ ತೇಲುವ ಪುಡಿ. ಗ್ರೈಂಡರ್ ಜೆಲ್‌ಕೋಟನ್ನು ತಿಂದು ಹಾಕಿದ ಮೇಲೆ ಒಳಗಿನ ಪದರಕ್ಕೆ ನೀರಿಳಿದು, ಬೊಬ್ಬೆ ಎದ್ದು, ಮತ್ತೆ ಉಜ್ಜಬೇಕಾಗುತ್ತದೆ. ದೋಣಿಯ ಆಯುಸ್ಸೂ ಕಡಿಮೆಯಾಯಿತು, ದೂಳೂ ಹೆಚ್ಚಾಯಿತು.

ಇನ್ನು ಉಜ್ಜುವವನ ಶ್ವಾಸಕೋಶದ ಮಾತು. ಗಾಜಿನ ನಾರೆಂದರೆ ಕಲ್ನಾರಿನಷ್ಟೇ ಅಪಾಯ ಎಂದು ಹೆದರಿಸುವುದು ಸರಿಯಲ್ಲ. ದೋಣಿಗೆ ಬಳಸುವ ಎಳೆಗಳು ಹತ್ತು ಇಪ್ಪತ್ತು ಮೈಕ್ರಾನ್ ದಪ್ಪ. ಅವು ಅಡ್ಡಕ್ಕೆ ತುಂಡಾಗುತ್ತವೆ, ಕಲ್ನಾರಿನಂತೆ ಉದ್ದಕ್ಕೆ ಸೀಳಿ ಸೂಕ್ಷ್ಮವಾಗುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಈ ಬಗೆಯ ಗಾಜಿನ ಎಳೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲು ಆಗದ ಗುಂಪಿನಲ್ಲಿಟ್ಟಿದೆ. ಆದರೆ ಅದರ ಜೊತೆ ಏಳುವ ರಾಳದ, ತಾಮ್ರದ, ಹಳೆಯ ಬಣ್ಣದಲ್ಲಿ ಇದ್ದರೆ ಸೀಸದ ಪುಡಿ ಅದಕ್ಕಿಂತ ಎಷ್ಟೋ ಸಣ್ಣದು. ಮೂಗಿಗೆ ಸುತ್ತಿದ ಬೈರಾಸು ಅದನ್ನು ತಡೆಯುವುದಿಲ್ಲ. ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ 2016ರ ನಿಯಮ ಮನೆಗೆ ಬಳಿಯುವ ಬಣ್ಣಗಳಿಗೆ ಸಂಬಂಧಿಸಿದ್ದು, ದೋಣಿಯ ಬಣ್ಣಕ್ಕಲ್ಲ.

ಉಜ್ಜುವ ರಗಳೆಯೇ ಬೇಡವೆಂದು ಪೇಂಟ್ ರಿಮೂವರ್ ತರುವವರಿಗೂ ಒಂದು ಮಾತು. ಡಬ್ಬಿಯ ಮೇಲೆ ಡೈಕ್ಲೋರೋಮೀಥೇನ್ ಅಥವಾ ಮೆಥಿಲೀನ್ ಕ್ಲೋರೈಡ್ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅದು ಬಣ್ಣದ ಜೊತೆ ಜೆಲ್‌ಕೋಟನ್ನೂ ಮೆತ್ತಗೆ ಮಾಡುತ್ತದೆ. ಅದರ ಆವಿ ಗಾಳಿಗಿಂತ ಭಾರ, ದೋಣಿಯ ಒಡಲಲ್ಲಿ ತುಂಬಿ ನಿಲ್ಲುತ್ತದೆ. ಮೈಯೊಳಗೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ 1980ರಿಂದ 2018ರ ನಡುವೆ ಈ ರಾಸಾಯನಿಕದಿಂದ ಸತ್ತವರು 85 ಮಂದಿ ಎಂದು ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮುಚ್ಚಿದ ಜಾಗದಲ್ಲಿ ಬಣ್ಣ ತೆಗೆಯುತ್ತಿದ್ದಾಗಲೇ ಪ್ರಾಣ ಬಿಟ್ಟವರು ಅವರಲ್ಲಿ ಅನೇಕರು.

ದೋಣಿಗೆ ಬಣ್ಣ ಬಳಿಯಲೇಬೇಕು, ಬಳಿಯಬೇಡಿ ಎನ್ನುವವರಿಗೆ ಮೀನುಗಾರಿಕೆ ಗೊತ್ತಿಲ್ಲ. ಆದರೆ ಗಟ್ಟಿಯಾಗಿ ಹಿಡಿದಿರುವ ಬಣ್ಣವನ್ನು ಬುಡದವರೆಗೆ ತೆಗೆಯಬೇಕಾಗಿಲ್ಲ. ಸಡಿಲವಾದದ್ದನ್ನು ಸ್ಕ್ರೇಪರಿನಿಂದ ಎಬ್ಬಿಸಿ, ಉಳಿದ ಮೇಲ್ಮೈಯನ್ನು ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜಿ ಒರಟು ಮಾಡಿಕೊಂಡರೆ ಹೊಸ ಬಣ್ಣ ಹಿಡಿಯುತ್ತದೆ. ಯಂತ್ರವೇ ಬೇಕೆಂದರೆ ದೂಳನ್ನು ಅಲ್ಲಲ್ಲೇ ಹೀರುವ ವ್ಯಾಕ್ಯೂಮ್ ಜೋಡಿಸಿದ ಸ್ಯಾಂಡರ್ ಇದೆ. ಅಡಿಗೆ ಟಾರ್ಪಾಲಿನ್, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್. ಒದ್ದೆ ಕೆಸರನ್ನೂ ಚಕ್ಕೆಯನ್ನೂ ಚೀಲಕ್ಕೆ ತುಂಬಬೇಕು. ಹೊಳೆಗೆ ತಳ್ಳಿದರೆ ಒದ್ದೆ ಮಾಡಿ ಉಜ್ಜಿದ ಪ್ರಯೋಜನವೇ ಇಲ್ಲ.

ಆದರೆ ದಿನಗೂಲಿಗೆ ಉಜ್ಜುವ ಕೆಲಸಗಾರನಿಂದ ಅಥವಾ ಸಾಲದಲ್ಲಿರುವ ದೋಣಿ ಮಾಲೀಕನಿಂದ ಇದನ್ನೆಲ್ಲ ಒಬ್ಬೊಬ್ಬರಾಗಿ ನಿರೀಕ್ಷಿಸುವುದು ನ್ಯಾಯವಲ್ಲ. ಬಂದರಿಗೊಂದು ಕಾಂಕ್ರೀಟ್ ಹಾಸಿನ ಅಂಗಳ, ಅದರ ಸುತ್ತ ಕಾಲುವೆ, ಕೊನೆಗೆ ಹೂಳು ತಂಗುವ ಗುಂಡಿ, ಬಾಡಿಗೆಗೆ ಎರಡು ಮೂರು ವ್ಯಾಕ್ಯೂಮ್ ಸ್ಯಾಂಡರ್‌ಗಳು: ಹೂಳೆತ್ತುವುದಕ್ಕೆ, ಜೆಟ್ಟಿ ಕಟ್ಟುವುದಕ್ಕೆ ಹಣ ಕೊಡುವ ಸರ್ಕಾರಕ್ಕೆ ಇದು ದೊಡ್ಡ ವೆಚ್ಚವಲ್ಲ. ತುಂಬಿದ ಚೀಲಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ ಸಾಗಿಸುವ ಹೊಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಹೊರಬೇಕು. ಜೊತೆಗೆ ತದಡಿ, ಗಂಗೊಳ್ಳಿ, ಮೂಲ್ಕಿ ಅಳಿವೆಗಳಿಂದ ನಿಷೇಧಕ್ಕೆ ಮೊದಲು ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದು ಉಪ್ಪುನೀರು ಹೊಳೆಗೆ ಮರಳಿದ ಮೇಲೆ ಅಕ್ಟೋಬರಿನಲ್ಲೊಮ್ಮೆ ಬಳಚು, ನೀಲಿಕಲ್ಲುಗಳನ್ನು ತೆಗೆದು ಗಾಜಿನ ಕಣಕ್ಕೂ ತಾಮ್ರಕ್ಕೂ ಪರೀಕ್ಷಿಸಿ, ಸಿಕ್ಕಿದ ಅಂಕಿಗಳನ್ನು ಅವನ್ನು ಆಯುವವರಿಗೂ ಕೊಂಡು ತಿನ್ನುವವರಿಗೂ ತಿಳಿಸಬೇಕು. ಮುಂದಿನ ಜೂನ್‌ಗೆ ದೋಣಿಗಳು ದಡ ಹತ್ತುವ ಮೊದಲೇ ಮೊದಲ ಮಾದರಿ ತೆಗೆಯಬೇಕು, ಇಲ್ಲದಿದ್ದರೆ ಆಮೇಲಿನದನ್ನು ಹೋಲಿಸಿ ನೋಡಲು ಆಧಾರವೇ ಇರುವುದಿಲ್ಲ.